ಕೂರದ ನಾಯಿಯ ಚಿತ್ರ

ಕೂರು ಅಂದರೆ ಕೂರುವ ಜಾತಿಯಲ್ಲ ಇದು, ಓರ್ನೆಲ್ಲಾ.
ನಿನ್ನ ಮುಕ್ಕಾಲಿಯ ಹಲಗೆ ಅಲ್ಲೇ ನಿಲ್ಲಿಸು,
ಕಲ್ಲುಗೋಡೆಯ ಗಾಳಿಮರೆಗೆ. ಮೊದಲು ಮಂದೆ ನೋಡು:
ನೂರಾ ನಲವತ್ತು ಕುರಿ. ಎಣಿಸು ಬೇಕಾದರೆ,
ಒಂದು ಹೆಚ್ಚಿಗೆ ಬಂದರೆ ಅದೇ ಬ್ರೀನಾ.

ಬಿಳಿ ಅಂದೆಯಲ್ಲ, ಯಾವ ಬಿಳಿ?
ಬೆನ್ನಿಗೆ ಹಳೇ ಕೆನೆ, ಕಿವಿಯಂಚಿಗೆ ಒಣಹುಲ್ಲು,
ಹೊಟ್ಟೆಯಡಿ ಬರೀ ಕೆಸರು.
ಸುಣ್ಣ ಬಳಿದಂತೆ ಬಳಿದೀಯೆ ಮತ್ತೆ,
ಲಾಕ್ವಿಲಾ ಪೇಟೆಯ ಕ್ಯಾಲೆಂಡರಿನಲ್ಲಿ
ಹಲ್ಲುಜ್ಜಿಸಿಕೊಂಡು ಕೂತ ನಾಯಿಗಳ ಹಾಗೆ.

ಕೊರಳಿನದು ಒಡವೆಯಲ್ಲ. ಮೊಳೆ.
ನಮ್ಮಪ್ಪ ಬಡಿದದ್ದು, ಇದರಜ್ಜಿಯ ಅಜ್ಜಿಗೆ.
ತೋಳ ಮೊದಲು ಬಾಯಿ ಹಾಕುವುದು ಅಲ್ಲಿಗೇ.
ಹದಿನೆಂಟರಲ್ಲಿ ಒಂದು ಬಾಗಿದೆ.
ಬಾಗಿದ್ದನ್ನು ಬಾಗಿದ ಹಾಗೇ ಬರಿ.

ಮುಖವೆ? ಅದನ್ನು ಇತ್ತ ತಿರುಗಿಸಲು ನನ್ನಿಂದಲೂ ಆಗದು.
ಏಳು ವರ್ಷ ನನ್ನ ಕೈಯ ರೊಟ್ಟಿ ತಿಂದಿದೆ,
ಒಮ್ಮೆಯೂ ನನ್ನ ನೋಡುತ್ತ ತಿಂದಿಲ್ಲ.
ಬಾಯಿ ಇತ್ತ, ಕಣ್ಣು ಅತ್ತ, ಗುಡ್ಡದ ನೆತ್ತಿಗೆ.
ಮೊದಮೊದಲು ಬೇಸರವಿತ್ತು, ಸುಳ್ಳೇಕೆ.
ಹಿಮ ಬಿದ್ದ ಒಂದು ರಾತ್ರಿ
ಈದ ಕುರಿಯ ಪಕ್ಕ ಮಲಗಿ
ಮರಿಯ ಮೈ ನೆಕ್ಕಿ ಒಣಗಿಸುತ್ತಿತ್ತು.
ಆಗಲೂ ಕಣ್ಣು ಅತ್ತಲೇ.
ಆಮೇಲೆ ನಾನು ಕರೆಯುವುದನ್ನೇ ಬಿಟ್ಟೆ.

ಏನು, ಮುಗಿಯಿತೆ? ತೋರಿಸು.
ಇಷ್ಟೇನಾ?
ಬೆನ್ನು, ಒಂದು ಕಿವಿ, ಕೆನ್ನೆಯದೊಂದು ಗೆರೆ,
ಮಿಕ್ಕದ್ದೆಲ್ಲ ಬರೀ ಗುಡ್ಡ, ಅದೂ ಖಾಲಿ.

ಇರು.
ಇನ್ನು ಕುಂಚ ಮುಟ್ಟಿಸಬೇಡ.
ಆ ಗುಡ್ಡ ನೋಡಿದರೆ
ನನಗೇ ಒಮ್ಮೆ ಎದ್ದು ಹೋಗಿ
ಕುರಿ ಎಣಿಸಬೇಕು ಅನ್ನಿಸುತ್ತಿದೆ.