ಎರಡನೇ ಖೋ

ಪಕ್ಕದ ಮಂಚದ ಗೌರಜ್ಜಿ ಕೇಳಿದಳು:
'ಎಲ್ಲಿ ಬಿದ್ದ್ಯವ್ವಾ?'
ಬೀಳಲಿಲ್ಲ ಅಜ್ಜಿ, ಎದ್ದೆ.
ಹತ್ತು ವರ್ಷ, ದಿನಕ್ಕೆ ಇನ್ನೂರು ಸಲ,
ಹೈಸ್ಕೂಲು ಮೈದಾನದ ಮಣ್ಣಿನಲ್ಲಿ
ಕುಕ್ಕರುಗಾಲಲ್ಲಿ ಕೂತು
ಬೆನ್ನಿಗೆ ಕೈ ತಾಗಿದ್ದೇ ಎದ್ದು ಓಡಿದೆ.

'ಅದಕ್ಯಾಕೆ ಆಪರೇಷನ್ನು?'
ಅದು ಆಗಲೇ ಆಯ್ತಜ್ಜಿ, ಇದು ಎರಡನೆಯದು.

ತನ್ನ ಹೊಸ ಚೆಂಡಿನ ಮೇಲೆ ಕೈಯಿಟ್ಟುಕೊಂಡು
ಅಜ್ಜಿ ಸುಮ್ಮನಾದಳು.

ಮೊದಲನೆಯದು ಹಬ್ಬದ ಹಾಗಿತ್ತು.
ಎರಡೇ ತೂತು. ಟೀಮಿನವರು ಬಿಸ್ಕತ್ತು ತಂದರು.
ಎಂಟು ತಿಂಗಳಿಗೆ ಕುಂದುವಾಡ ಕೆರೆ ಏರಿಯ ಮೇಲೆ
ಓಡಿದೆ, ನಿಜವಾಗಿ ಓಡಿದೆ.
ಆಮೇಲೆ ಒಂದು ಸಂಜೆ ಅಶೋಕ ಗೇಟಿನಲ್ಲಿ
ಸ್ಕೂಟಿಯ ಮೇಲೆ ರೈಲಿಗೆ ಕಾಯುತ್ತಿದ್ದಾಗ
ತೊಡೆಸಂದಿನೊಳಗಿಂದ ಯಾರೋ ಮೆಲ್ಲಗೆ
'ಖೋ' ಅಂದರು.

ಗೂಡ್ಸು ಗಾಡಿ. ಡಬ್ಬಿ ಎಣಿಸಿದೆ, ಐವತ್ತೆಂಟು.
ಅಷ್ಟರಲ್ಲಿ ಗೊತ್ತಾಗಿತ್ತು.

ಎರಡು ವರ್ಷ ಯಾರಿಗೂ ಹೇಳಲಿಲ್ಲ.
ಅಂದರೆ ಎಲ್ಲರಿಗೂ ಹೇಳಿದೆ, ಯಾರಿಗೂ ಕೇಳಿಸಲಿಲ್ಲ.
'ಆಪರೇಷನ್ ಆಯ್ತಲ್ಲ, ಇನ್ನೇನು?' ಎಂದರು ಕೋಚು.
'ಮನಸ್ಸಿಗೆ ಹಚ್ಚಿಕೊಂಡಿದ್ದೀಯ' ಎಂದರು ಒಬ್ಬ ಡಾಕ್ಟರು
ಫಿಲ್ಮನ್ನು ಬೆಳಕಿಗೂ ಹಿಡಿಯದೆ.
ಇಪ್ಪತ್ತನಾಲ್ಕಕ್ಕೆ ದಾದಿಯ ಪಕ್ಕ
ನಾನೂ ಒಂದು ಕುರ್ಚಿ ಹಾಕಿಕೊಂಡು ನಮಾಜಿಗೆ ಕೂತೆ.
ಕೊನೆಯ ಸಲಾಮಿಗೆ ಎಡಕ್ಕೆ ತಿರುಗಿದ ಅವಳ ಮುಖ
ನನ್ನ ಮೊಣಕಾಲಿನ ಮೇಲೇ ನಿಂತುಬಿಟ್ಟಿತು.

ಈಗಿನ ಡಾಕ್ಟರಮ್ಮ ಪೆನ್ನಿನ ತುದಿಯಿಂದ ತೋರಿಸಿದರು:
ಇದು ಒರಳು, ಇದು ಗುಂಡು. ಗುಂಡಿನ ಕತ್ತಿನಲ್ಲಿ
ಹೋದ ಸಲ ಉಜ್ಜದೆ ಬಿಟ್ಟ ಒಂದು ಉಬ್ಬು
ಕಡಲೆಬೇಳೆಯಷ್ಟು.
ಅದಕ್ಕೆ ತಾಗಿ ನಿಂತುಹೋಗಿದ್ದೆ ನಾನು, ಇಡಿಯಾಗಿ.
'ಮೊದಲ ಸಲದಷ್ಟು ಭರವಸೆ ಕೊಡಲಾರೆ' ಎಂದರು.
ಯಾಕೋ ಆ ಮಾತಿಗೇ ನಂಬಿಕೆ ಬಂತು.

ಮಂಡಕ್ಕಿ ಭಟ್ಟಿಯ ಹೊಗೆಯಲ್ಲಿ ಬೆಳೆದವಳು ನಾನು.
ಕಾದ ಮರಳಿನಲ್ಲಿ ಅಕ್ಕಿ ಒಮ್ಮೆ ಅರಳುತ್ತದೆ,
ಎರಡನೇ ಸಲ ಕರಕಲು.
ಅದನ್ನೇ ಅಬ್ಬಾನಿಗೆ ಹೇಳಿದೆ.
ಜರಡಿ ಆಡಿಸುತ್ತ, ತಲೆಯೆತ್ತದೆ:
'ಅರಳಲಿ ಅಂತ ಯಾರು ಕೇಳಿದರು?
ಮೆತ್ತಗಾದದ್ದನ್ನ ಒಂದು ಸುತ್ತು ಬೆಚ್ಚಗೆ ಮಾಡಿದರೆ
ಗರಿಗರಿ ಆಗಲ್ವಾ?'

ಆಟದಲ್ಲೊಂದು ನೇಮವಿದೆ.
ಹಿಡಿದ ದಿಕ್ಕು ಬಿಟ್ಟು ಹಿಂತಿರುಗಿದರೆ ಫೌಲು,
ಕಂಬ ದಾಟಿದ ಮೇಲೆ ಮಾತ್ರ ತಿರುಗಬಹುದು.
ಇದು ಕಂಬವೋ ಅಲ್ಲವೋ
ಸೀಟಿ ಊದುವವರಿಗೂ ಗೊತ್ತಿಲ್ಲ.

ಹಸಿರು ಗೌನು. ಬಲತೊಡೆಯ ಮೇಲೆ ನೀಲಿ ಶಾಯಿಯ ಬಾಣ
ಹಳೆಯ ಎರಡು ಚುಕ್ಕೆಗಳ ಕಡೆಗೆ ತೋರಿಸುತ್ತಿದೆ.
'ಮತ್ತೆ ಆಡ್ತೀಯಾ?' ಗೌರಜ್ಜಿ ಕೇಳುತ್ತಾಳೆ.
ಮೊದಲು ಕುಕ್ಕರುಗಾಲಲ್ಲಿ ಕೂರಬೇಕಜ್ಜಿ,
ಭಟ್ಟಿಯ ಮುಂದೆ, ಅಬ್ಬಾನ ಎದುರು,
ಒಂದು ಚಹಾ ಕುಡಿಯುವಷ್ಟು ಹೊತ್ತು.