ಹಳದಿ ಗೀಟು

ಕಾವೆಂಟ್ರಿಯ ಗ್ಯಾರೇಜಿನಲ್ಲಿ ಮೂರು ಚಳಿಗಾಲ.
ಅರವತ್ತೊಂದರ ಹಂಬರ್‌ಗೆ
ಬಟ್ಟೆ ಸುತ್ತಿದ ವೈರು, ಸೀಳುತಲೆಯ ತಿರುಪು,
ಡ್ಯಾಶ್‌ಬೋರ್ಡಿಗೆ ಆಕ್ರೋಟು ಮರ,
ಎಲ್ಲ ಆ ಕಾಲದ್ದೇ.

ಬಾನೆಟ್ಟಿನೊಳಗೆ, ಪಾಸಾಯಿತೆಂದು
ಕಾರ್ಖಾನೆಯಲ್ಲಿ ಎಳೆಯುತ್ತಿದ್ದ ಸೀಮೆಸುಣ್ಣದ ಗೀಟು
ಅದೊಂದು ಕೈಗೆ ಬರಲಿಲ್ಲ.
ಹಳೇ ಫೋಟೊ ನೋಡಿ
ಹನ್ನೊಂದು ಸಲ ಎಳೆದೆ, ಒರೆಸಿದೆ.

ಎದುರುಮನೆಯ ಬೆರಿಲ್ ಹ್ಯಾಚರ್ಡ್
ಚಹಾದ ಲೋಟ ಹಿಡಿದೇ ಒಳಬಂದರು.
"ಇಷ್ಟು ನೀಟಾಗಿ ಯಾರು ಎಳೀತಿದ್ದರು ಮಾರಾಯ?
ಗಂಟೆಗೆ ಹದಿನೆಂಟು ಗಾಡಿ ನನಗೆ!"

ಬಳಪ ಕಸಿದುಕೊಂಡರು.
ಎಂಬತ್ತನಾಲ್ಕರ ಕೈ.
ಗೀಟು ನಡುಗಿತು, ಬಾಗಿತು,
ವೈಪರ್ ಮೋಟರಿನ ಮೇಲೂ ಹತ್ತಿತು.
"ಪಾಸು" ಎಂದರು.
ಗಾಡಿಯೋ ನಾನೋ, ಹೇಳಲಿಲ್ಲ.

ಫೋಟೊದಲ್ಲಿರುವ ಹಾಗಿಲ್ಲ ಅದು.
ಪ್ರದರ್ಶನದಲ್ಲಿ ಎರಡು ಅಂಕ ಕಳೆಯುತ್ತಾರೆ, ಗೊತ್ತು.
ಅವರು ರಸ್ತೆ ದಾಟುವ ತನಕ ನೋಡಿ
ಗೀಟಿನ ಮೇಲೆ ತೆಳುವಾಗಿ
ವಾರ್ನಿಷು ಬಳಿದೆ.