ಗೋಡೆಯೊಳಗಿನ ತಂತಿ

ಗ್ಲದಾನಿಯ ಆ ಕಟ್ಟಡದಲ್ಲಿ ಲಿಫ್ಟಿಗೂ ಕಾಸು ಹಾಕಬೇಕು.
ನನ್ನ ಬಳಿ ಚಿಲ್ಲರೆ ಇರಲಿಲ್ಲ.
ಏಣಿ ಹೆಗಲಿಗೆ, ಡ್ರಿಲ್ಲಿನ ಚೀಲ ಬಗಲಿಗೆ,
ಏಳು ಮಹಡಿ ಹತ್ತಿದೆ, ತಡಕಾಡುತ್ತ.
ಮೆಟ್ಟಿಲ ಬಲ್ಬುಗಳನ್ನು ಯಾರೋ ಬಿಚ್ಚಿಕೊಂಡು ಹೋಗಿದ್ದರು.

ಬಾಗಿಲು ತೆರೆದ ಲಮಾರಾ
ನೋಡಿದ್ದು ನನ್ನ ಬೂಟು, ಮುಖವಲ್ಲ.
ಟ್ರಾಲಿಬಸ್ ಡಿಪೋದಲ್ಲಿ ಮೂವತ್ತೊಂದು ವರ್ಷ
ಲೆಕ್ಕ ಬರೆದವರು.
ಮೇಜಿನ ಮೇಲೆ ಪಟ್ಟಿ ಸಿದ್ಧವಿತ್ತು:
ಹಜಾರಕ್ಕೆ ಚಪ್ಪಟೆ ಎಲ್‌ಇಡಿ, ಅಡುಗೆಮನೆಗೊಂದು ಟ್ಯೂಬು,
ಬಚ್ಚಲಿಗೆ ಆವಿ ತಾಳುವಂಥದ್ದು.
ಕೊನೆಯಲ್ಲಿ ಕೆಂಪು ಶಾಯಿ:
ತೂಗುದೀಪ ಇಳಿಸುವುದು. ಹರಳು ಕಳೆದರೆ ಕೂಲಿಯಲ್ಲಿ ಕಡಿತ.

ಐದು ತೋಳು, ನೂರಾ ನಾಲ್ಕು ಹರಳು.
ಎಣಿಸಿದ್ದು ನಾನಲ್ಲ.
ಮದುವೆಗೆಂದು ಪ್ರಾಗಿನಿಂದ ಹೊರಟು
ರೈಲಿನುದ್ದಕ್ಕೂ ಗಂಡನ ತೊಡೆಯ ಮೇಲೆ ಕೂತು ಬಂದದ್ದಂತೆ.
"ತೂಗಿದ್ದೇ ಹೆಚ್ಚು, ಉರಿದದ್ದು ಕಡಿಮೆ," ಎಂದರು.

ಉರಿಯುವುದೆಲ್ಲಿಂದ?
ತೊಂಬತ್ತಮೂರರ ಚಳಿಗಾಲ ನನಗೂ ನೆನಪಿದೆ.
ರಾತ್ರಿ ಎರಡಕ್ಕೆ ಬರುತ್ತಿತ್ತು ಕರೆಂಟು, ಕಳ್ಳಹೆಜ್ಜೆಯಲ್ಲಿ.
ಒಂಬತ್ತು ಮಹಡಿಯೂ ಒಂದೇ ಗಂಟಲಾಗಿ ಕೂಗುತ್ತಿತ್ತು:
ಬಂತೂ!
ರೊಟ್ಟಿ ಸುಡುವವರು ಆಗಲೇ ಸುಡಬೇಕು,
ಅಂಗಿಗೆ ಇಸ್ತ್ರಿ ಆಗಲೇ.
ಅಮ್ಮ ನನ್ನನ್ನು ನಿದ್ದೆಯಿಂದೆಳೆದು ತಲೆಗೆ ನೀರು ಹೊಯ್ಯುತ್ತಿದ್ದಳು;
ಸೋಪು ತೊಳೆಯುವ ಮೊದಲೇ ಹೋಗಿಬಿಡುತ್ತಿತ್ತು.
ಉಳಿದುಹೋದ ಆ ಸೋಪು ತೊಳೆದುಕೊಳ್ಳಲೆಂದೇ
ಈ ಕಸುಬು ಹಿಡಿದೆನೋ ಏನೋ.

ಮೇನ್ ಇಳಿಸಿದೆ.
ಫ್ರಿಜ್ಜು ನಿಟ್ಟುಸಿರಿಟ್ಟು ಸುಮ್ಮನಾಯಿತು.
ಬಚ್ಚಲಿನ ಬಲ್ಬು ಮಾತ್ರ ಉರಿಯುತ್ತಲೇ ಇತ್ತು.

ಅರವತ್ತು ವ್ಯಾಟಿನ ಹಳೇ ಗಾಜಿನ ಬುರುಡೆ,
ಯಾರ ಹಂಗೂ ಇಲ್ಲದ ಹಾಗೆ.
ಟೆಸ್ಟರ್ ಹಿಡಿದು ಬೆನ್ನಟ್ಟಿದೆ:
ತಂತಿ ಕನ್ನಡಿಯ ಹಿಂದೆ ನುಸುಳಿ
ಗೋಡೆಯೊಳಗೆ ಇಳಿದು
ಪಕ್ಕದ ಮನೆಗೆ ಹೋಗಿತ್ತು.

ಲಮಾರಾ ಸ್ಟೂಲಿನ ಮೇಲೆ ಕುಸಿದರು.
"ತ್ಸಿಯಾಲಾ," ಎಂದರು,
ಹಲ್ಲುನೋವಿನ ಹೆಸರು ಹೇಳಿದಂತೆ.
ಆ ಕತ್ತಲ ವರ್ಷಗಳಲ್ಲಿ ತ್ಸಿಯಾಲಾಳ ಗಂಡ
ಮೆಟ್ರೋ ಲೈನಿನಿಂದ ಕದ್ದು ತಂದ ಬೆಳಕಿನಲ್ಲಿ
ಒಂದು ಬಲ್ಬಿನಷ್ಟು ಇವರಿಗೂ ಕೊಟ್ಟಿದ್ದ,
ಗೋಡೆ ಕೊರೆದು, ಒಂದು ಬಾಟಲಿ ವೈನಿಗೆ.
ಆಮೇಲೆ ಮೀಟರುಗಳು ಬಂದವು. ಗಂಡಂದಿರು ಹೋದರು.
ಚರಂಡಿ ಪೈಪಿನ ರಿಪೇರಿಗೆ ಯಾರ ಪಾಲು ಎಷ್ಟೆಂದು ಜಗಳವಾಗಿ
ಮಾತು ನಿಂತು ಹನ್ನೊಂದು ವರ್ಷ.
ತಂತಿಗೆ ಯಾರೂ ಹೇಳಿರಲಿಲ್ಲ.

ಪೆನ್ಸಿಲ್ ಬಂತು. ಕನ್ನಡಕ ಬಂತು.
ದಿನಕ್ಕೆ ನಾಲ್ಕು ಗಂಟೆ, ಇಪ್ಪತ್ತೆರಡು ವರ್ಷ:
ಸಾವಿರದ ಒಂಬೈನೂರ ಇಪ್ಪತ್ತೇಳು ಯೂನಿಟ್ಟು.
ಎರಡು ಸಲ ಕೂಡಿದರು. ಚೀಟಿ ಮಡಚಿದರು.
ತುಟಿಗೆ ಬಣ್ಣ ಹಚ್ಚಿಕೊಂಡು
ಪಕ್ಕದ ಬಾಗಿಲು ತಟ್ಟಿದರು.
ಏಣಿಯ ಮೇಲಿದ್ದವನಿಗೆ ಕಿವಿ ಮುಚ್ಚಲು ಕೈ ಎಲ್ಲಿ?

"ಗೊತ್ತಿತ್ತು," ಅಂದಿತು ಆ ಕಡೆಯ ದನಿ.
"ನಾನು ಎಲ್ಲ ಆರಿಸಿ ಮಲಗಿದರೂ ಮೀಟರು ತಿರುಗುತ್ತಿತ್ತು.
ಹತ್ತೂವರೆಗೊಮ್ಮೆ. ಬೆಳಗಿನ ಜಾವ ಮೂರಕ್ಕೊಮ್ಮೆ.
ಹೋದ ಮಾಘದಲ್ಲಿ ಎರಡು ರಾತ್ರಿ ತಿರುಗಲಿಲ್ಲ,
ಬಂದು ಬಾಗಿಲು ಬಡಿಯೋಣವೆಂದು ಶಾಲು ಹೊದ್ದಿದ್ದೆ."
"ತಂಗಿಯ ಮನೆಗೆ ಹೋಗಿದ್ದೆ."
"ಹೇಳಿ ಹೋಗಬಾರದೆ?"
ಬಹಳ ಹೊತ್ತು ಏನೂ ಕೇಳಿಸಲಿಲ್ಲ.
"ಪೈಪಿನ ಲೆಕ್ಕ ಬೇರೆ," ಅಂದಿತು ಮತ್ತೆ ಅದೇ ದನಿ.
"ಬೇರೆಯೇ," ಎಂದರು ಲಮಾರಾ.

ತಂತಿ ಕತ್ತರಿಸಲೇ ಎಂದು ಕೇಳಿದೆ.
ನಿಯಮದ ಪ್ರಕಾರ ಕೇಳುವಂತೆಯೂ ಇಲ್ಲ, ಕತ್ತರಿಸಬೇಕು.
ಒಬ್ಬರು ಹೂಂ ಎಂದರು, ಒಬ್ಬರು ತಡಿ ಎಂದರು,
ಆಮೇಲೆ ಅದನ್ನೇ ಅದಲುಬದಲು ಮಾಡಿ ಎಂದರು.
ಅರವತ್ತರದ್ದನ್ನು ತೆಗೆದು ಆರು ವ್ಯಾಟಿನದು ಹಾಕಿದೆ.
ಅಷ್ಟೇ ನನ್ನ ಕೈಲಾದದ್ದು.

ಹಜಾರದಲ್ಲಿ ಹೊಸ ದೀಪ ಹತ್ತಿಸಿದಾಗ ಮನೆ ಆಸ್ಪತ್ರೆಯಾಯಿತು:
ಸೋಫಾದ ಕಲೆ, ಮೂಲೆಯ ಬಲೆ,
ಕಾಫಿ ಲೋಟ ಹಿಡಿದ ಇಬ್ಬರು ಹೆಂಗಸರ ಮುಖದ ಪುಡಿ.
"ಅಯ್ಯೋ, ಆರಿಸು," ಎಂದರು ಇಬ್ಬರೂ.

ಹರಳು ನೂರಾ ಮೂರೇ ಇದ್ದವು.
ಒಂದರ ಬೆಲೆ ಮುರಿದುಕೊಂಡೇ ಕೂಲಿ ಕೊಟ್ಟರು.
ಮೆಟ್ರೋದಲ್ಲಿ ಕೂತಾಗ ಬೂಟಿನ ಮಡಿಕೆಯಲ್ಲಿ ಚುಚ್ಚಿತು ಅದು.
ಕಿಟಕಿಗೆ ಹಿಡಿದೆ, ಸುರಂಗದ ದೀಪವೊಂದು
ಅದರೊಳಗೆ ಏಳಾಗಿ ಹಾದುಹೋಯಿತು.
ಹಿಂದಿರುಗಿಸಬೇಕು.
ಈ ಸಲ ಚಿಲ್ಲರೆ ಇಟ್ಟುಕೊಂಡು ಹೋಗುತ್ತೇನೆ.